ಮುಂದಿನ ಎಡ ಚಕ್ರದಲ್ಲಿ ಕಟ ಕಟ ಸದ್ದು: ಸ್ಟ್ರಟ್, ಲೋವರ್ ಆರ್ಮ್ ಮನೆಯಲ್ಲೇ ಬದಲಿಸಬಹುದೇ?

ಮೊದಲಗೇರು

ಎಲ್ಲರಿಗೂ ನಮಸ್ಕಾರ. ನನ್ನದು ಒಂಬತ್ತು ವರ್ಷದ ಸಣ್ಣ ಹ್ಯಾಚ್‌ಬ್ಯಾಕ್. 1,12,000 ಕಿಲೋಮೀಟರ್ ಓಡಿದೆ. ಎರಡು ತಿಂಗಳಿಂದ ಮುಂಭಾಗದ ಎಡಗಡೆ ಕಟ ಕಟ ಎನ್ನುತ್ತಿದೆ. ವೇಗವಾಗಿ ಹೋಗುವಾಗ ಏನೂ ಕೇಳಿಸುವುದಿಲ್ಲ. ನಿಧಾನವಾಗಿ, ಸಣ್ಣ ಸಣ್ಣ ಉಬ್ಬುತಗ್ಗಿನ ಮೇಲೆ ಹೋದಾಗ ಯಾರೋ ಕೆಳಗಿನಿಂದ ಸುತ್ತಿಗೆಯಲ್ಲಿ ತಟ್ಟಿದ ಹಾಗೆ ಸದ್ದು ಬರುತ್ತದೆ. ಇದಲ್ಲದೆ ಬ್ರೇಕ್ ಒತ್ತಿ ನಿಲ್ಲಿಸುವಾಗ ಒಂದೇ ಒಂದು ಸಲ "ಟಕ್" ಎನ್ನುತ್ತದೆ.

ಒಂದು ಕಾರ್ಯಾಗಾರದಲ್ಲಿ ತೋರಿಸಿದೆ. ಕಾರನ್ನು ಎತ್ತಿ ನೋಡದೆಯೇ "ಮುಂದಿನದು ಪೂರ್ತಿ ಹೋಗಿದೆ, ಎಲ್ಲ ಬದಲಿಸಬೇಕು" ಎಂದರು. ಯಾವ ಭಾಗ ಹೋಗಿದೆ, ಹೇಗೆ ಗೊತ್ತಾಯಿತು ಎಂದು ಕೇಳಿದರೆ ಉತ್ತರ ಬರಲಿಲ್ಲ. ಮನಸ್ಸಿಗೆ ಬೇಸರವಾಗಿ ಕಾರು ತಿರುಗಿಸಿಕೊಂಡು ಬಂದೆ.

ಬ್ರೇಕ್ ಪ್ಯಾಡು, ಎಂಜಿನ್ ಆಯಿಲ್ ಇವನ್ನೆಲ್ಲ ನಾನೇ ಬದಲಿಸುತ್ತೇನೆ. ಸಸ್ಪೆನ್ಶನ್‌ಗೆ ಮಾತ್ರ ಈವರೆಗೆ ಕೈ ಹಾಕಿಲ್ಲ. ನನ್ನಿಂದ ಆಗುವ ಕೆಲಸವೇ? ಎಲ್ಲಿಂದ ಶುರು ಮಾಡಲಿ?

ಹಳೆಯ ಸ್ಪ್ಯಾನರ್

ಆಗುವ ಕೆಲಸವೇ. ಆದರೆ ಬಿಡಿಭಾಗ ತರುವ ಮೊದಲು ರೋಗ ಯಾವುದೆಂದು ತಿಳಿಯಬೇಕು. ನೀವು ಹೇಳಿದ ಎರಡು ಸದ್ದುಗಳ ಮೂಲ ಒಂದೇ ಇರಲಾರದು.

ನಿಧಾನವಾಗಿ ಹೋಗುವಾಗ ಸಣ್ಣ ಗುಂಡಿಗಳಲ್ಲಿ ಕಟ ಕಟ ಎಂದರೆ ನನ್ನ ಮೊದಲ ಅನುಮಾನ, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರ್‌ನ ಲಿಂಕ್ ರಾಡ್ ಮೇಲೆ. ಅದರ ಎರಡು ತುದಿಯಲ್ಲೂ ಪುಟ್ಟ ಗುಂಡುಕೀಲುಗಳಿರುತ್ತವೆ, ಅವು ಸವೆದು ಸಡಿಲವಾದರೆ ಇದೇ ಸದ್ದು ಕೊಡುತ್ತವೆ. ಬ್ರೇಕ್ ಒತ್ತಿದಾಗ ಒಂದು ಸಲ ಟಕ್ ಎಂದರೆ ಚಕ್ರವನ್ನು ಕೆಳಗಿನಿಂದ ಚೌಕಟ್ಟಿಗೆ ಸೇರಿಸುವ ಲೋವರ್ ಆರ್ಮ್‌ನ ಹಿಂದಿನ ಬುಷ್ ನೋಡಿ. ಬ್ರೇಕ್ ಹಿಡಿದಾಗ ಚಕ್ರ ಹಿಂದಕ್ಕೆ ಸರಿಯಲು ನೋಡುತ್ತದೆ, ಆ ಒತ್ತಡವನ್ನು ತಡೆಯುವುದು ಆ ರಬ್ಬರು. ಸ್ಟೇರಿಂಗ್ ತಿರುಗಿಸುವಾಗ ಕಿರುಗುಟ್ಟಿದರೆ ಅಥವಾ ಸ್ಪ್ರಿಂಗು "ಟಣ್" ಎಂದು ಬಿಟ್ಟುಕೊಂಡ ಹಾಗೆ ಕೇಳಿಸಿದರೆ, ಸ್ಪ್ರಿಂಗನ್ನು ಹೊತ್ತ ಶಾಕ್ ಅಬ್ಸಾರ್ಬರ್ ಅಂದರೆ ಸ್ಟ್ರಟ್‌ನ ಮೇಲಿನ ಬೇರಿಂಗು.

ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಚಕ್ರವನ್ನು ಗಡಿಯಾರದ 12 ಮತ್ತು 6 ಇರುವ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಆಟ ಇದ್ದರೆ ಬಾಲ್ ಜಾಯಿಂಟ್ (ಲೋವರ್ ಆರ್ಮ್ ಚಕ್ರದ ಕಡೆ ಸೇರುವ ಗುಂಡುಕೀಲು) ಅಥವಾ ಚಕ್ರದ ಬೇರಿಂಗು. 9 ಮತ್ತು 3ರಲ್ಲಿ ಹಿಡಿದಾಗ ಆಟ ಇದ್ದರೆ ಸ್ಟೇರಿಂಗ್ ಕಡೆಯಿಂದ ಚಕ್ರಕ್ಕೆ ಬರುವ ಟೈ ರಾಡ್. ಬುಷ್ ನೋಡಲು ಒಂದು ಸನ್ನೆಕೋಲು ಸಾಕು. ಲೋವರ್ ಆರ್ಮ್ ಮತ್ತು ಅದನ್ನು ಹಿಡಿದಿರುವ ಚೌಕಟ್ಟಿನ ನಡುವೆ ತೂರಿಸಿ ಮೆಲ್ಲಗೆ ಮೀಟಿ. ಒಳ್ಳೆಯ ಬುಷ್ ಒತ್ತಿದಷ್ಟು ಮಣಿದು ಹಿಂದಿರುಗುತ್ತದೆ, ಹರಿದದ್ದು ಬಾಯಿ ಬಿಡುತ್ತದೆ.

ಗಾಲಿಮನೆ

ಲಿಂಕ್ ರಾಡಿಗೆ ಇನ್ನೂ ಸುಲಭದ ಪರೀಕ್ಷೆ ಇದೆ. ಎರಡೂ ಕಡೆಯ ಲಿಂಕ್ ಬಿಚ್ಚಿ ಬದಿಗಿಟ್ಟು, ವಾಹನ ಸಂಚಾರವಿಲ್ಲದ ಕಡೆ ನಡೆಯುವ ವೇಗದಲ್ಲಿ ಸ್ವಲ್ಪ ದೂರ ಓಡಿಸಿ ನೋಡಿ. ಸದ್ದು ಮಾಯವಾದರೆ ಕಳ್ಳ ಸಿಕ್ಕಿದ. ಆಗ ಕಾರು ತಿರುವಿನಲ್ಲಿ ಹೆಚ್ಚು ವಾಲುತ್ತದೆ, ಆದ್ದರಿಂದ ಹಾಗೆಯೇ ರಸ್ತೆಗೆ ಇಳಿಯಬಾರದು.

ಮೊದಲಗೇರು

ನೀವು ಹೇಳಿದ ಹಾಗೆಯೇ ಮಾಡಿದೆ. ಲಿಂಕ್ ಬಿಚ್ಚಿದ ಮೇಲೆ ಕಟ ಕಟ ನಿಂತಿತು. ಕೈಯಲ್ಲಿ ಹಿಡಿದು ಅಲುಗಾಡಿಸಿದರೆ ಎಡಗಡೆಯದು ಗಿಲಕಿಯಂತೆ ಆಡುತ್ತದೆ. ಎಡಗಡೆ ಲೋವರ್ ಆರ್ಮ್‌ನ ಹಿಂದಿನ ಬುಷ್ ಅರ್ಧ ಸುತ್ತು ಹರಿದಿದೆ. ಬಲಗಡೆಯದರಲ್ಲೂ ಬಿರುಕು ಕಾಣುತ್ತಿದೆ. ಇದರ ಜೊತೆಗೆ ಎಡ ಸ್ಟ್ರಟ್‌ನ ಮೈಮೇಲೆ ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದೆ. ಬಾಲ್ ಜಾಯಿಂಟ್, ಟೈ ರಾಡ್ ಎರಡೂ ಗಟ್ಟಿಯಾಗಿವೆ.

ಹಾಗಾದರೆ ಎರಡು ಸ್ಟ್ರಟ್, ಅವುಗಳ ಮೇಲಿನ ಮೌಂಟು ಮತ್ತು ಬೇರಿಂಗು, ಎರಡು ಲೋವರ್ ಆರ್ಮ್, ಎರಡು ಲಿಂಕ್. ಪಟ್ಟಿ ಸರಿಯೇ?

ಹಳೆಯ ಸ್ಪ್ಯಾನರ್

ಸರಿ. ಮೈಮೇಲೆ ತೆಳುವಾಗಿ ಎಣ್ಣೆಯ ಪಸೆ ಇದ್ದರೆ ಗಾಬರಿಯಾಗಬೇಕಿಲ್ಲ, ಧಾರೆ ಇಳಿದು ಧೂಳು ಅಂಟಿದ್ದರೆ ಸೀಲು ಹೋಗಿದೆ ಎಂದೇ ಅರ್ಥ. ಸ್ಟ್ರಟ್ ಯಾವಾಗಲೂ ಜೋಡಿಯಾಗಿಯೇ ಬದಲಿಸಿ. ಒಂದು ಕಡೆ ಹೊಸದು, ಇನ್ನೊಂದು ಕಡೆ ಬಳಲಿದ್ದು ಇದ್ದರೆ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಎರಡು ಚಕ್ರಗಳೂ ಒಂದೇ ರೀತಿ ನೆಲ ಕಚ್ಚುವುದಿಲ್ಲ. ಬಂಪ್ ಸ್ಟಾಪ್ (ಸ್ಟ್ರಟ್ ತಳ ಬಡಿಯದಂತೆ ತಡೆಯುವ ರಬ್ಬರು), ಧೂಳು ತಡೆಯುವ ರಬ್ಬರ್ ಕವಚ ಎರಡನ್ನೂ ಪಟ್ಟಿಗೆ ಸೇರಿಸಿ. ಅವಕ್ಕಾಗಿ ಇನ್ನೊಮ್ಮೆ ಇಷ್ಟೆಲ್ಲ ಬಿಚ್ಚುವುದು ಬೇಡ.

ನಿಮ್ಮ ಕಾರಿನ ಸರ್ವಿಸ್ ಕೈಪಿಡಿ ಸಂಪಾದಿಸಿ. ಎಷ್ಟು ನ್ಯೂಟನ್ ಮೀಟರ್ ಬಿಗಿಯಬೇಕು, ಯಾವ ನಟ್ಟು ಬೋಲ್ಟುಗಳನ್ನು ಮರುಬಳಕೆ ಮಾಡಬಾರದು ಎನ್ನುವುದು ಅದರಲ್ಲಿದೆ. ಬಿಗಿಯ ಅಳತೆಯ ಜೊತೆಗೆ "ಆಮೇಲೆ 90 ಡಿಗ್ರಿ ತಿರುಗಿಸಿ" ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಎಳೆತಕ್ಕೆ ಹಿಗ್ಗುವ ಬೋಲ್ಟು. ಅಂಥದ್ದನ್ನು ಹೊಸದೇ ಹಾಕಬೇಕು.

ತುಕ್ಕುವೈರಿ

ಹಿಂದಿನ ದಿನವೇ ಎಲ್ಲ ನಟ್ಟುಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಡಿ. ರಾತ್ರಿ ಇನ್ನೊಮ್ಮೆ ಹೊಡೆಯಿರಿ. ಒಂಬತ್ತು ವರ್ಷ ನೀರು, ಕೆಸರು ಕುಡಿದ ನಟ್ಟುಗಳು ಅವು. ಬೆಳಗ್ಗೆ ಅರ್ಧ ಕೆಲಸ ಹಗುರವಾಗಿರುತ್ತದೆ.

ಮೂರನೇ ತಿರುವು

ನಾನು ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ದಯವಿಟ್ಟು ಓದಿ.

ಸ್ಟ್ರಟ್‌ನ ಸ್ಪ್ರಿಂಗು ಕಾರಿನ ಒಂದು ಮೂಲೆಯ ಭಾರ ಹೊರುವ ವಸ್ತು. ಲೆಕ್ಕಕ್ಕೆ ಹೀಗೆ ನೋಡಿ: ಒಂದು ಮಿಲಿಮೀಟರ್ ಅದುಮಲು 2 ಕಿಲೋ ಬಲ ಬೇಡುವ ಸ್ಪ್ರಿಂಗನ್ನು 120 ಮಿಲಿಮೀಟರ್ ಅದುಮಿದರೆ ಅದು 240 ಕಿಲೋ ಬಲದಿಂದ ತಿರುಗಿ ಒತ್ತುತ್ತಿರುತ್ತದೆ. ಕಾರಿನಿಂದ ಬಿಚ್ಚಿ ನೆಲದ ಮೇಲಿಟ್ಟ ಸ್ಟ್ರಟ್ ಎಷ್ಟು ಸಾಧುವಾಗಿ ಮಲಗಿದ್ದರೂ ಅದರ ಹೊಟ್ಟೆಯಲ್ಲಿ ಒತ್ತಡ ಇದ್ದೇ ಇರುತ್ತದೆ. ನಡುವಿನ ನಟ್ಟು ಬಿಚ್ಚಿದ ಕ್ಷಣ ಮೇಲಿನ ಮೌಂಟು ಸಿಡಿಯುತ್ತದೆ. ಅಲ್ಲಿ ಮುಖವಿದ್ದರೆ ಮುಖಕ್ಕೆ, ಕೈಯಿದ್ದರೆ ಕೈಗೆ.

ಸ್ಪ್ರಿಂಗನ್ನು ಅದುಮಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಬಳಸುವುದಾದರೆ ಎರಡು ಕೊಕ್ಕೆಗಳೂ ಎದುರುಬದುರಾಗಿರಬೇಕು, ಸ್ಪ್ರಿಂಗಿನ ಸಾಧ್ಯವಾದಷ್ಟು ಹೆಚ್ಚು ಸುರುಳಿಗಳನ್ನು ಹಿಡಿದಿರಬೇಕು. ಒಂದು ಕಡೆ ಎರಡು ಸುತ್ತು, ಇನ್ನೊಂದು ಕಡೆ ಎರಡು ಸುತ್ತು, ಹೀಗೆ ಸರಿಸಮವಾಗಿ ಕೈಯಿಂದಲೇ ತಿರುಗಿಸಬೇಕು. ಇಂಪ್ಯಾಕ್ಟ್ ಗನ್ ಬೇಡ, ಅದು ಕಂಪ್ರೆಸರ್‌ನ ಮರೆಯನ್ನೇ (ತಿರುಪಿನ ಗೆರೆಗಳನ್ನೇ) ತಿಂದುಹಾಕುತ್ತದೆ. ಸ್ಪ್ರಿಂಗು ಮೇಲಿನ ತಟ್ಟೆಯಿಂದ ಬಿಟ್ಟುಕೊಂಡು, ಮೌಂಟು ಕೈಯಲ್ಲಿ ಸಲೀಸಾಗಿ ತಿರುಗುವ ತನಕ ನಡುವಿನ ನಟ್ಟು ಮುಟ್ಟಲೇಬಾರದು.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಬೇರೆ. ಸ್ಟ್ರಟ್ ಪೂರ್ತಿಯಾಗಿ ಬಿಚ್ಚಿಕೊಂಡು, ನೆಲಕ್ಕೆ ಹೂತ ಕಂಪ್ರೆಸರ್ ಇರುವ ಕಾರ್ಯಾಗಾರಕ್ಕೆ ಒಯ್ದು ಹಳೆಯ ಸ್ಪ್ರಿಂಗನ್ನು ಹೊಸ ಸ್ಟ್ರಟ್ಟಿಗೆ ಬದಲಿಸಿ ಹಾಕಿಸಿಕೊಂಡು ಬನ್ನಿ. ಅಥವಾ ಸ್ಪ್ರಿಂಗು, ಮೌಂಟು ಕೂಡಿಯೇ ಬರುವ ಸಿದ್ಧ ಸ್ಟ್ರಟ್ ಸಿಕ್ಕರೆ ಅದನ್ನೇ ತನ್ನಿ. ಉಳಿದದ್ದೆಲ್ಲ ಮನೆಯಲ್ಲಿ ಮಾಡಿ.

ಗಾಲಿಮನೆ

ಇದು ಅತಿಯಾದ ಭಯ ಎಂದು ನನಗೆ ಅನ್ನಿಸುತ್ತದೆ. ನಾನು ಹನ್ನೆರಡು ವರ್ಷಗಳಿಂದ ಕೊಕ್ಕೆಯ ಕಂಪ್ರೆಸರ್‌ನಲ್ಲೇ ಮಾಡುತ್ತಿದ್ದೇನೆ. ಒಳ್ಳೆಯ ಉಪಕರಣ, ಮರೆಗೆ ಗ್ರೀಸು, ಅವಸರವಿಲ್ಲದ ಕೈ, ಇಷ್ಟಿದ್ದರೆ ಏನೂ ಆಗುವುದಿಲ್ಲ.

ಮೂರನೇ ತಿರುವು

ಹನ್ನೆರಡು ವರ್ಷ ಮಾಡಿದವರ ಕೈ ಬೇರೆ, ಮೊದಲ ಸಲ ಮಾಡುವವರ ಕೈ ಬೇರೆ. ಕೊಕ್ಕೆ ಎಷ್ಟು ಕೂತರೆ ಸರಿಯಾಗಿ ಕೂತಂತೆ ಎಂದು ನಿಮಗೆ ನೋಡಿದರೆ ಗೊತ್ತಾಗುತ್ತದೆ. ಅವರಿಗೆ ಗೊತ್ತಾಗುವುದು ಅದು ಜಾರಿದ ಮೇಲೆ.

ಹಳೆಯ ಸ್ಪ್ಯಾನರ್

ಮೊದಲ ಸಲಕ್ಕೆ ನಾನೂ ಮೂರನೇ ತಿರುವು ಅವರ ಪಕ್ಷ.

ಮೊದಲಗೇರು

ಸ್ಪ್ರಿಂಗಿನ ಕೆಲಸವನ್ನು ಹೊರಗೆ ಮಾಡಿಸುತ್ತೇನೆ, ನಿರ್ಧಾರ ಮಾಡಿದೆ. ಮನೆಯವರಿಗೂ ಈಗ ಸಮಾಧಾನ. ಈ ವಾರಾಂತ್ಯ ಶುರು ಮಾಡುತ್ತೇನೆ. ಬಿಚ್ಚುವ ಕ್ರಮ ಯಾರಾದರೂ ಹೇಳುವಿರಾ?

ಹಳೆಯ ಸ್ಪ್ಯಾನರ್

ಸಮತಟ್ಟಾದ ಗಟ್ಟಿ ನೆಲ ಇರಲಿ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳ ಹಿಂದೆ ಅಡೆಗಟ್ಟೆ ಇಡಿ. ಚಕ್ರದ ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ. ಆಮೇಲೆ ಎತ್ತಿ, ಕೈಪಿಡಿಯಲ್ಲಿ ತೋರಿಸಿದ ಜಾಗದಲ್ಲೇ ಎರಡು ಸ್ಟ್ಯಾಂಡ್ ಕೊಟ್ಟು, ಕಾರನ್ನು ಜೋರಾಗಿ ತಳ್ಳಿ ನೋಡಿ. ಕದಲುವುದಿದ್ದರೆ ಆಗಲೇ ಕದಲಲಿ. ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿ ಇಡುವುದು ನನ್ನ ರೂಢಿ. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಕೈ ಕೂಡ ಹಾಕಬೇಡಿ.

ಮೊದಲು ಬ್ರೇಕ್ ಹೋಸನ್ನು, ಎಬಿಎಸ್ ತಂತಿಯನ್ನು ಸ್ಟ್ರಟ್‌ನಿಂದ ಬಿಡಿಸಿ. ನಂತರ ಲಿಂಕ್ ರಾಡ್. ಎರಡೂ ಚಕ್ರ ಮೇಲೆದ್ದಿದ್ದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡಿರುವುದಿಲ್ಲ, ಲಿಂಕ್ ಹಗುರವಾಗಿ ಕಳಚಿ ಬರುತ್ತದೆ. ಸ್ಟ್ರಟ್ ಮತ್ತು ನಕಲ್ (ಚಕ್ರದ ಬೇರಿಂಗನ್ನು ಹೊತ್ತ ಲೋಹದ ತುಂಡು) ಸೇರುವ ಎರಡು ದೊಡ್ಡ ಬೋಲ್ಟುಗಳ ಸುತ್ತ ಬಿಳಿ ಬಣ್ಣದಿಂದ ಗುರುತು ಮಾಡಿ, ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಹತ್ತಿರ ಹತ್ತಿರ ಮೊದಲಿನ ಜಾಗಕ್ಕೇ ಬರುತ್ತದೆ. ಎಷ್ಟೋ ಕಾರುಗಳಲ್ಲಿ ಈ ಬೋಲ್ಟಿನ ಕುತ್ತಿಗೆಗೆ ಹಲ್ಲುಗಳಿರುತ್ತವೆ. ಆದ್ದರಿಂದ ಬೋಲ್ಟನ್ನು ಹಿಡಿದುಕೊಂಡು ನಟ್ಟನ್ನು ಮಾತ್ರ ತಿರುಗಿಸಿ.

ಬೋಲ್ಟುಗಳು ಹೊರಬಂದ ಕೂಡಲೇ ನಕಲ್ ಹೊರಕ್ಕೆ ವಾಲುತ್ತದೆ. ಅದಕ್ಕೆ ಮೊದಲೇ ತಂತಿ ಕಟ್ಟಿ ಇಟ್ಟಿರಬೇಕು. ಇಲ್ಲದಿದ್ದರೆ ಬ್ರೇಕ್ ಹೋಸಿನ ಮೇಲೆ ಭಾರ ಬೀಳುತ್ತದೆ, ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟು ಕಳಚಿಕೊಳ್ಳಲೂಬಹುದು. ಕೊನೆಗೆ ಬಾನೆಟ್ ಕೆಳಗಿನ ಸಣ್ಣ ನಟ್ಟುಗಳು. ಒಂದು ಕೈಯಲ್ಲಿ ಸ್ಟ್ರಟ್ ಹಿಡಿದೇ ಅವನ್ನು ಬಿಚ್ಚಿ. ನಡುವಿನ ದೊಡ್ಡ ನಟ್ಟಿನ ಗೊಡವೆ ಬೇಡ.

ಮೊದಲಗೇರು

ಶನಿವಾರ, ಮಧ್ಯಾಹ್ನ. ಕಂಗೆಟ್ಟು ಬರೆಯುತ್ತಿದ್ದೇನೆ. ಎಡಗಡೆಯ ಲಿಂಕ್ ರಾಡಿನ ನಟ್ಟು ಸ್ವಲ್ಪ ದೂರ ಬಂದು, ಈಗ ನಟ್ಟಿನ ಜೊತೆಗೆ ಒಳಗಿನ ಕಂಬಿಯೂ ತಿರುಗುತ್ತಿದೆ. ಎಷ್ಟು ತಿರುಗಿಸಿದರೂ ಮುಂದೆ ಬರುತ್ತಿಲ್ಲ.

ತುಕ್ಕುವೈರಿ

ಕಂಬಿಯ ತುದಿಯಲ್ಲಿ ಆರು ಮೂಲೆಯ ಗುಳಿ ಇರಬೇಕು, ಅದರಲ್ಲಿರುವ ಮಣ್ಣನ್ನು ಸೂಜಿಯಿಂದ ಕೆದಕಿ ತೆಗೆಯಿರಿ. ಅಲೆನ್ ಕೀಲಿ ಹಾಕಿ ಹಿಡಿದುಕೊಂಡು ರಿಂಗ್ ಸ್ಪ್ಯಾನರ್‌ನಿಂದ ನಟ್ಟು ತಿರುಗಿಸಿ. ಗುಳಿ ಸವೆದು ಹೋಗಿದ್ದರೆ ಚಿಂತೆ ಬೇಡ. ಲಿಂಕ್ ಹೇಗೂ ಬಿಸಾಡುವುದು, ಗರಗಸದಿಂದ ಕಂಬಿಯನ್ನೇ ಕತ್ತರಿಸಿ. ಹತ್ತಿರದಲ್ಲಿರುವ ಹೋಸು, ತಂತಿಗಳಿಗೆ ದಪ್ಪ ಬಟ್ಟೆ ಸುತ್ತಿ ಮುಚ್ಚಿಕೊಳ್ಳಿ.

ಮೊದಲಗೇರು

ಗುಳಿ ಸವೆದಿತ್ತು, ಗರಗಸವೇ ಗತಿಯಾಯಿತು. ಇಪ್ಪತ್ತು ನಿಮಿಷ. ಈಗ ಎರಡೂ ಸ್ಟ್ರಟ್ ಹೊರಗೆ ಬಂದಿವೆ. ಸ್ಪ್ರಿಂಗು ಬದಲಿಸಲು ಸ್ನೇಹಿತರ ಗಾಡಿಯಲ್ಲಿ ಒಯ್ಯುತ್ತೇನೆ.

ಗಾಲಿಮನೆ

ಅವರು ಜೋಡಿಸುವಾಗ ಪಕ್ಕದಲ್ಲೇ ನಿಂತು ಮೂರು ವಿಷಯ ನೋಡಿ. ಹೊಸ ಸ್ಟ್ರಟ್‌ನ ದಂಡವನ್ನು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆಯಬೇಕು. ಸ್ಪ್ರಿಂಗಿನ ಕೆಳತುದಿ ತಟ್ಟೆಯಲ್ಲಿರುವ ಮೆಟ್ಟಿಲಿಗೆ ತಾಗಿ ಕೂರಬೇಕು. ಮತ್ತೆ, ಮಿರುಗುವ ಆ ದಂಡವನ್ನು ಯಾರೂ ಇಕ್ಕಳದಲ್ಲಿ ಹಿಡಿಯಲು ಬಿಡಬೇಡಿ. ಒಂದು ಗೀರು ಬಿದ್ದರೂ ಅದು ಸೀಲನ್ನು ಕೊರೆಯುತ್ತದೆ, ಹೊಸ ಸ್ಟ್ರಟ್ ಬೇಗನೆ ಸೋರಲು ಶುರುವಾಗುತ್ತದೆ.

ಮೊದಲಗೇರು

ಭಾನುವಾರ, ರಾತ್ರಿ. ಕೆಲಸ ಮುಗಿಯಿತು. ಸ್ಪ್ರಿಂಗಿನವರು ತಾಳ್ಮೆಯ ಮನುಷ್ಯ, ನೋಡಲು ಬಿಟ್ಟರು, ಪ್ರಶ್ನೆಗೆಲ್ಲ ಉತ್ತರ ಕೊಟ್ಟರು. ಲೋವರ್ ಆರ್ಮ್ ಬಿಚ್ಚುವಾಗ ಬಾಲ್ ಜಾಯಿಂಟ್ ಜಪ್ಪಯ್ಯ ಎಂದರೂ ಹೊರಗೆ ಬರಲಿಲ್ಲ. ಆಮೇಲೆ ತಿಳಿಯಿತು, ಅದನ್ನು ಬಿಗಿದ ಬೋಲ್ಟು ಕಂಬಿಯ ಮೇಲಿನ ಕಾಲುವೆಯಲ್ಲೇ ಹಾದುಹೋಗುತ್ತದೆ. ಸಡಿಲಿಸಿದರೆ ಸಾಲದು, ಪೂರ್ತಿ ಎಳೆದು ತೆಗೆಯಬೇಕಿತ್ತು. ತೆಗೆದ ಮೇಲೆ ನಕಲ್ಲಿನ ಸೀಳನ್ನು ಸ್ವಲ್ಪ ಅಗಲಿಸಿದೆ, ಜಾರಿ ಬಂತು.

ಎಲ್ಲವನ್ನೂ ಟಾರ್ಕ್ ವ್ರೆಂಚಿನಲ್ಲಿ ಬಿಗಿದೆ. ಕಟ ಕಟ ಇಲ್ಲ, ಟಕ್ ಇಲ್ಲ. ಆದರೆ ಎರಡು ತೊಂದರೆಗಳಿವೆ. ಕಾರಿನ ಮೂತಿ ಸ್ವಲ್ಪ ಮೇಲೆದ್ದಂತೆ ಕಾಣುತ್ತದೆ. ಉಬ್ಬಿನ ಮೇಲೆ ನಿಧಾನವಾಗಿ ಹತ್ತಿ ಇಳಿದರೆ ರಬ್ಬರು ನರಳಿದಂತೆ ಕಿರ್ರ್ ಎನ್ನುತ್ತದೆ. ಹೊಸ ಭಾಗ ಪಳಗುವ ತನಕ ಹೀಗೆಯೇ ಇರುತ್ತದೆಯೇ?

ಅಳತೆಪಟ್ಟಿ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಒಂದು ಪ್ರಶ್ನೆ: ಲೋವರ್ ಆರ್ಮ್‌ನ ಬೋಲ್ಟುಗಳನ್ನು ಕೊನೆಯದಾಗಿ ಬಿಗಿದಾಗ ಚಕ್ರಗಳು ನೆಲದ ಮೇಲಿದ್ದವೇ, ಗಾಳಿಯಲ್ಲಿ ತೂಗುತ್ತಿದ್ದವೇ?

ಮೊದಲಗೇರು

ತೂಗುತ್ತಿದ್ದವು, ಮೇಡಂ. ಕಾರು ಸ್ಟ್ಯಾಂಡಿನ ಮೇಲಿದ್ದಾಗಲೇ ಪೂರ್ತಿ ಬಿಗಿದೆ.

ಅಳತೆಪಟ್ಟಿ

ಹಾಗಿದ್ದರೆ ಅದು ಪಳಗುವುದಿಲ್ಲ, ಹರಿಯುತ್ತದೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಡೀ ಕೆಲಸದಲ್ಲಿ ಎಲ್ಲರೂ ಬಿಟ್ಟುಬಿಡುವ ಹಂತ ಇದೇ.

ನಿಮ್ಮ ಹಳೆಯ ಲೋವರ್ ಆರ್ಮ್‌ನ ಮುಂದಿನ ಬುಷ್ ಕೈಗೆತ್ತಿಕೊಂಡು ನೋಡಿ. ಹೊರಗೆ ಒಂದು ಉಕ್ಕಿನ ಬಳೆ, ನಡುವೆ ರಬ್ಬರು, ಒಳಗೆ ಬೋಲ್ಟು ಹಾಯುವ ಉಕ್ಕಿನ ಕೊಳವೆ. ಬೋಲ್ಟು ಬಿಗಿದಾಗ ಆ ಒಳಗಿನ ಕೊಳವೆ ಚೌಕಟ್ಟಿನ ಎರಡು ಕಿವಿಗಳ ನಡುವೆ ಸಿಕ್ಕಿಕೊಂಡು ನಿಂತುಬಿಡುತ್ತದೆ. ಅದು ಬಾಗಿಲಿನ ಕೀಲಿನ ಹಾಗೆ ತಿರುಗುವುದಿಲ್ಲ. ಚಕ್ರ ಮೇಲೆ ಕೆಳಗೆ ಆಡಿದಾಗ ತಿರುಚಿಕೊಳ್ಳುವುದು ರಬ್ಬರು. ಆದ್ದರಿಂದ ಬಿಗಿದ ಗಳಿಗೆಯಲ್ಲಿ ಆರ್ಮ್ ಯಾವ ಕೋನದಲ್ಲಿತ್ತೋ ಅದೇ ರಬ್ಬರಿನ ವಿಶ್ರಾಂತಿಯ ಸ್ಥಿತಿ.

ಲೆಕ್ಕ ಹಾಕಿ. ಕಾರು ನೆಲಕ್ಕಿಳಿದಾಗ ಚಕ್ರ ಸುಮಾರು 85 ಮಿಲಿಮೀಟರ್ ಮೇಲಕ್ಕೆ ಬರುತ್ತದೆ, ಆರ್ಮ್‌ನ ಉದ್ದ 350 ಮಿಲಿಮೀಟರ್ ಎಂದುಕೊಂಡರೆ ಆರ್ಮ್ ತಿರುಗಿದ್ದು ಸುಮಾರು 14 ಡಿಗ್ರಿ. ಅಂದರೆ ಕಾರು ಸುಮ್ಮನೆ ನಿಂತಿರುವಾಗಲೂ ನಿಮ್ಮ ಹೊಸ ಬುಷ್ 14 ಡಿಗ್ರಿ ತಿರುಚಿಕೊಂಡೇ ಇದೆ. ಗುಂಡಿ ಬಂದಾಗ ಅದರ ಮೇಲೆ ಇನ್ನಷ್ಟು. ತಿರುಚಿದ ರಬ್ಬರು ಆರ್ಮನ್ನು ಕೆಳಕ್ಕೆ ತಳ್ಳುತ್ತಿರುವುದರಿಂದಲೇ ಮೂತಿ ಮೇಲೆದ್ದಿದೆ. ನೀವು ಕೇಳುತ್ತಿರುವ ನರಳಾಟವೂ ಅದರದ್ದೇ.

ಪರಿಹಾರ ಸುಲಭ, ಹೊಸ ಭಾಗ ಬೇಕಿಲ್ಲ. ಗಟ್ಟಿ ಮರದ ದಿಮ್ಮಿಗಳ ಮೇಲೋ ಓಡಿಸಿ ಹತ್ತಿಸುವ ರ‍್ಯಾಂಪಿನ ಮೇಲೋ ಕಾರು ತನ್ನ ಚಕ್ರಗಳ ಮೇಲೇ ನಿಲ್ಲುವಂತೆ ಮಾಡಿ. ಹಿಂದಿನ ಚಕ್ರಗಳಿಗೆ ಅಡೆಗಟ್ಟೆ ಕೊಡಿ. ಆರ್ಮ್‌ನ ಬೋಲ್ಟುಗಳನ್ನು ಸಡಿಲಿಸಿ. ಹೊರಗೆ ಬಂದು ಮುಂಭಾಗವನ್ನು ಕೈಯಿಂದ ನಾಲ್ಕು ಸಲ ಅದುಮಿ ಬಿಡಿ, ಎಲ್ಲವೂ ತನ್ನ ಜಾಗಕ್ಕೆ ಬರಲಿ. ಆಮೇಲೆ ಕೈಪಿಡಿಯ ಅಳತೆಗೆ ಬಿಗಿಯಿರಿ. ಬೋಲ್ಟು ಕೋನದ ಲೆಕ್ಕದಲ್ಲಿ ಬಿಗಿಯುವ ಜಾತಿಯದಾದರೆ ಹೊಸದು ಹಾಕಿ.

ಚಕ್ರದ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿನ ತನಕ ಟೇಪು ಹಿಡಿದು ಮೊದಲೂ ಆಮೇಲೂ ಅಳೆಯಿರಿ. ಕಣ್ಣಳತೆ ಸಾಲದು.

ಗಾಲಿಮನೆ

ಇದನ್ನು ನಾನು ಮೊದಲೇ ಹೇಳಬೇಕಿತ್ತು. ಸ್ಪ್ರಿಂಗಿನ ವಾದದಲ್ಲಿ ಬಿಟ್ಟುಹೋಯಿತು, ಕ್ಷಮಿಸಿ.

ಮೊದಲಗೇರು

ಇವತ್ತು ಬೆಳಗ್ಗೆ ಮಾಡಿದೆ. ಸಡಿಲಿಸುವ ಮುಂಚೆ ಎಡ 389, ಬಲ 391 ಮಿಲಿಮೀಟರ್. ಎಡಗಡೆಯ ಮುಂದಿನ ಬೋಲ್ಟನ್ನು ಅರ್ಧ ಸುತ್ತು ತಿರುಗಿಸಿದ್ದೇ ತಡ, ಆರ್ಮ್ ಒಳಗಿನಿಂದ "ಟುಕ್" ಎಂದು ಬಿಟ್ಟುಕೊಂಡಿತು. ಆ ಕೊಳವೆ ಸರಕ್ಕನೆ ತಿರುಗಿದ್ದು ಸ್ಪ್ಯಾನರ್ ಹಿಡಿದ ಕೈಗೇ ತಿಳಿಯಿತು. ಮುಂಭಾಗ ಅದುಮಿ ಬಿಟ್ಟು, ಬಿಗಿದು, ಮತ್ತೆ ಅಳೆದರೆ ಎಡ 377, ಬಲ 378.

ಎಡ ಹನ್ನೆರಡು, ಬಲ ಹದಿಮೂರು ಮಿಲಿಮೀಟರ್ ಇಳಿಯಿತು. ಸದ್ದು ಪೂರ್ತಿ ಹೋಗಿದೆ. ಮೇಡಂ, ನಿಮಗೆ ಹೇಗೆ ಧನ್ಯವಾದ ಹೇಳಲಿ ಗೊತ್ತಿಲ್ಲ.

ಈಗ ನೇರ ರಸ್ತೆಯಲ್ಲಿ ಹೋಗುವಾಗ ಸ್ಟೇರಿಂಗ್ ಸ್ವಲ್ಪ ಬಲಕ್ಕೆ ವಾಲಿ ನಿಲ್ಲುತ್ತದೆ. ಇದು ಅಲೈನ್‌ಮೆಂಟ್ ತಾನೇ?

ಹಳೆಯ ಸ್ಪ್ಯಾನರ್

ಹೌದು. ನೀವು ಎಷ್ಟೇ ಸರಿಯಾಗಿ ಗುರುತಿಗೆ ಕೂರಿಸಿದ್ದರೂ ಕ್ಯಾಂಬರ್ ಕೂದಲೆಳೆಯಷ್ಟು ಬದಲಾಗುತ್ತದೆ, ಅದರ ಜೊತೆಗೆ ಟೋ (ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೂಡ. ತಡ ಮಾಡಬೇಡಿ. ಟೋ ತಪ್ಪಿದ್ದರೆ ಟೈರಿನ ಮೇಲ್ಮೈ ಗರಿಯಂತೆ ಒಂದೇ ಕಡೆಗೆ ಸವೆಯುತ್ತದೆ, ಅಂಗೈಯಿಂದ ಅಡ್ಡಲಾಗಿ ಸವರಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಚೂಪು. ಅಷ್ಟಾಗುವ ಮೊದಲೇ ಯಂತ್ರಕ್ಕೆ ಹತ್ತಿಸಿ. ಒಳ್ಳೆಯದಾಯಿತು, ಬುಷ್ ಸರಿಪಡಿಸಿದ ಮೇಲೆ ಹೋಗುತ್ತಿದ್ದೀರಿ. ಎತ್ತರ ತಪ್ಪಿದ್ದಾಗ ಮಾಡಿಸಿದ ಅಲೈನ್‌ಮೆಂಟ್ ನೀರಿನಲ್ಲಿ ಹೋಮ ಮಾಡಿದಂತೆ.

ಚಕ್ರದ ನಟ್ಟುಗಳನ್ನು 50–100 ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಟಾರ್ಕ್ ವ್ರೆಂಚಿನಲ್ಲಿ ನೋಡಿ. ಸ್ಟ್ರಟ್‌ನ ಮೇಲಿನ ಸಣ್ಣ ನಟ್ಟುಗಳನ್ನು ಮಾತ್ರ ಕೈಬಲದಿಂದ ಬಿಗಿಯಲು ಹೋಗಬೇಡಿ, ಆ ತೆಳು ಕಂಬಿಗಳು ಮುರಿದರೆ ಮೌಂಟೇ ಬದಲಿಸಬೇಕಾಗುತ್ತದೆ.

ತುಕ್ಕುವೈರಿ

ಹಳೆಯ ಲೋವರ್ ಆರ್ಮ್ ಬಿಸಾಡಬೇಡಿ. ಆ ಹರಿದ ಬುಷ್‌ನ ಒಂದು ಚಿತ್ರ ಇಲ್ಲಿ ಹಾಕಿ, ಮುಂದೆ ಇದೇ ಸದ್ದು ಕೇಳಿ ಬರುವವರು ನೋಡಲಿ.

ಮೊದಲಗೇರು

ಬೆಳಕಿರುವಾಗ ತೆಗೆದು ನಾಳೆ ಹಾಕುತ್ತೇನೆ. ಒಂದು ಬುಷ್ ಅನ್ನು ಅಡ್ಡಲಾಗಿ ಕತ್ತರಿಸಿ ತೋರಿಸುತ್ತೇನೆ, ಒಳಗಿನ ಕೊಳವೆ, ರಬ್ಬರು, ಹೊರಗಿನ ಬಳೆ ಮೂರೂ ಕಾಣುವ ಹಾಗೆ.